ಸೈನಿಕನ ಸಾಮಾನಿನ ಮೇಲಿನ ಬರಹ

ಲಂಡನ್ನಿನಲ್ಲಿ ಸಿಕ್ಕಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ರೋಮನ್ ಶಿರಸ್ತ್ರಾಣವೊಂದರಲ್ಲಿ, ಕುತ್ತಿಗೆಯನ್ನು ಕಾಯುವ ಹಿಂಬದಿಯ ಅಂಚಿನ ಮೇಲೆ, ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಬರೆದ ನಾಲ್ಕು ಹೆಸರುಗಳಿವೆ. ಒಬ್ಬರ ನಂತರ ಒಬ್ಬರಂತೆ ನಾಲ್ವರು ಸೈನಿಕರು ಅದನ್ನು ಧರಿಸಿದ್ದರು.

ಹೆಸರು ಬರೆದುಕೊಳ್ಳುವುದಕ್ಕೆ ಬಲವಾದ ಕಾರಣವಿತ್ತು. ರೋಮನ್ ಸೈನಿಕನ ಸಾಮಾನಿನ ಬೆಲೆಯನ್ನು ಅವನ ಸಂಬಳದಲ್ಲೇ ಮುರಿದುಕೊಳ್ಳುತ್ತಿದ್ದರು. ಕ್ರಿ.ಶ. 14ರಲ್ಲಿ ಮಧ್ಯ ಯುರೋಪಿನ ರೋಮನ್ ಪ್ರಾಂತ್ಯವಾದ ಪನೋನಿಯಾದಲ್ಲಿ ದಂಗೆಯೆದ್ದ ಸೈನಿಕರು, ದಿನಕ್ಕೆ ಸಿಗುವ ಹತ್ತು ಆಸ್ ನಾಣ್ಯಗಳಲ್ಲೇ ಬಟ್ಟೆ, ಆಯುಧ, ಗುಡಾರಗಳ ಖರ್ಚನ್ನೂ ತೂಗಿಸಬೇಕಾಗಿದೆ ಎಂದು ದೂರಿದ್ದನ್ನು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಈಜಿಪ್ಟಿನಲ್ಲಿ ದೊರೆತ, ಕ್ರಿ.ಶ. 81ರ ಪಪೈರಸ್ ಲೆಕ್ಕಪತ್ರದಲ್ಲಿ ಊಟ, ಪಾದರಕ್ಷೆ, ಉಡುಪುಗಳಿಗಾಗಿ ಮಾಡಿದ ಕಡಿತ ಸಾಲುಸಾಲಾಗಿ ಕಾಣುತ್ತದೆ. ಹಾಗೆ ಕೊಂಡ ಶಿರಸ್ತ್ರಾಣ ಕಳೆದುಹೋದರೆ ನಷ್ಟ ಸೈನಿಕನದೇ. ಎಂಟು ಜನರ ಗುಡಾರದಲ್ಲಿ ಎಲ್ಲರ ಸಾಮಾನೂ ಒಂದೇ ಥರ ಇದ್ದಾಗ ಗುರುತು ಹಾಕದೆ ವಿಧಿಯಿರಲಿಲ್ಲ.

ವಿದ್ವಾಂಸರು ಈ ಬರಹಗಳನ್ನು ಒಟ್ಟುಗೂಡಿಸಿದ್ದು ಮಾತ್ರ ಬಹಳ ತಡವಾಗಿ. 1853ರಲ್ಲಿ ಜರ್ಮನ್ ಇತಿಹಾಸಕಾರ ಥಿಯೊಡೋರ್ ಮಾಮ್ಸೆನ್ ಮುಂದಾಳತ್ವದಲ್ಲಿ ಬರ್ಲಿನ್ನಿನಲ್ಲಿ ಲ್ಯಾಟಿನ್ ಶಾಸನಗಳ ಬೃಹತ್ ಸಂಗ್ರಹ ಆರಂಭವಾದಾಗ ಮೊದಲ ಮನ್ನಣೆ ಸಿಕ್ಕಿದ್ದು ಕಲ್ಲಿನ ಶಾಸನಗಳಿಗೆ. ಬ್ರಿಟನ್ನಿನಲ್ಲೂ ಶಿಲಾಶಾಸನಗಳ ಸಂಪುಟ 1965ರಲ್ಲಿ ಬಂದರೆ, ಮಡಕೆ, ಹೆಂಚು, ಚಮಚ, ಶಿರಸ್ತ್ರಾಣಗಳ ಮೇಲಿನ ಬರಹಗಳ ಸಂಪುಟ ಎಂಟು ಭಾಗಗಳಲ್ಲಿ ಹೊರಬರಲು 1990ರ ದಶಕವೇ ಬೇಕಾಯಿತು. ಕಲ್ಲಿನಲ್ಲಿ ಸಾಮ್ರಾಟರೂ ಸೇನಾಧಿಪತಿಗಳೂ ಮಾತಾಡುತ್ತಾರೆ. ಸಾಮಾನ್ಯ ಸೈನಿಕನ ಕೈಬರಹ ಹೆಚ್ಚಾಗಿ ಉಳಿದಿರುವುದು ಈ ಚಿಕ್ಕಪುಟ್ಟ ವಸ್ತುಗಳಲ್ಲೇ. ಆದ್ದರಿಂದ ಈ ವಿಳಂಬ ಸಣ್ಣ ಲೋಪವಲ್ಲ.

ಸೇನೆಯ ಕಚೇರಿಯೇ ಬರೆಸಿದ ವಸ್ತುಗಳೂ ಇವೆ. ಅವುಗಳಲ್ಲಿ ಅತಿ ಹೆಚ್ಚು ಚರ್ಚೆಗೊಳಗಾದದ್ದು, ಉತ್ತರ ಬ್ರಿಟನ್ನಿನಲ್ಲಿ ರೋಮನ್ನರು ಕಟ್ಟಿದ ಹೇಡ್ರಿಯನ್ ಗೋಡೆಯ ಬಳಿಯ ಕಾರ್ವೊರನ್ ಕೋಟೆಯಲ್ಲಿ 1915ರಲ್ಲಿ ಸಿಕ್ಕ ಕಂಚಿನ ಕೊಳಗ. ಕ್ರಿ.ಶ. 90ರ ಸುಮಾರಿನ ಈ ಧಾನ್ಯದಳತೆಯ ಮೇಲಿದ್ದ ಸಾಮ್ರಾಟ ಡೊಮಿಷಿಯನ್ನನ ಹೆಸರನ್ನು, 96ರಲ್ಲಿ ಅವನ ಹತ್ಯೆಯಾಗಿ ಅವನ ನೆನಪನ್ನೇ ಅಳಿಸಲು ಸೆನೆಟ್ ನಿರ್ಧರಿಸಿದ ಮೇಲೆ, ಕೆರೆದು ತೆಗೆದಿದ್ದಾರೆ. ಉಳಿದ ಬರಹದ ಪ್ರಕಾರ ಅದರ ಅಳತೆ ಹದಿನೇಳೂವರೆ ಸೆಕ್ಸ್‌ಟೇರಿಯಸ್ (ಸುಮಾರು ಅರ್ಧ ಲೀಟರಿನ ರೋಮನ್ ಅಳತೆ). ಆದರೆ ತುಂಬಿ ನೋಡಿದರೆ ಅದಕ್ಕಿಂತ ಸುಮಾರು ಐದನೇ ಒಂದು ಪಾಲು ಹೆಚ್ಚೇ ಹಿಡಿಯುತ್ತದೆ. ಸ್ಥಳೀಯ ರೈತರಿಂದ ಧಾನ್ಯ ವಸೂಲಿ ಮಾಡುವಾಗ ಮೋಸ ಮಾಡಲು ಹೀಗೆ ಮಾಡಿದ್ದರೆಂದು ಕೆಲವರೂ, ಒಳಗೆ ಮಟ್ಟ ತೋರಿಸುವ ಭಾಗವೊಂದಿದ್ದು ಅದು ಕಳೆದುಹೋಗಿದೆಯೆಂದು ಇನ್ನು ಕೆಲವರೂ ವಾದಿಸಿದ್ದಾರೆ. ಬ್ರಿಟನ್ನಿನ ಧಾನ್ಯ ವಸೂಲಿಯಲ್ಲಿ ಅಕ್ರಮಗಳಿದ್ದವೆಂದು ಟ್ಯಾಸಿಟಸ್ ಬರೆದಿರುವುದು ಮೊದಲ ವಾದಕ್ಕೆ ಬಲ ಕೊಡುತ್ತದೆ. ಅದೇ ಬರಹ ಕೊಳಗದ ತೂಕ 38 ರೋಮನ್ ಪೌಂಡ್ ಎಂದೂ ಹೇಳುತ್ತದೆ, ಮತ್ತು ಅದು ಇಂದಿನ ತೂಕಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ತೂಕದಲ್ಲಿ ಇಷ್ಟು ಕಟ್ಟುನಿಟ್ಟಾಗಿದ್ದವರು ಅಳತೆಯಲ್ಲಿ ಕೇವಲ ಅಜಾಗರೂಕತೆಯಿಂದ ತಪ್ಪಿದರೆಂದು ಒಪ್ಪುವುದು ಕಷ್ಟ.