ಹಂದಿ ಏನು ತಿಂದಿತ್ತು ಅಂತ ಯಾರೂ ಕೇಳಲಿಲ್ಲ

2022ರ ಜುಲೈ ಕೊನೆಯ ವಾರ. ವಯನಾಡಿನ ಮಾನಂದವಾಡಿ ಕಡೆಯ ಫಾರ್ಮ್‌ಗಳಲ್ಲಿ ಹಂದಿಗಳು ಸತ್ತದ್ದು ಆಫ್ರಿಕನ್ ಹಂದಿ ಜ್ವರದಿಂದಲೇ ಎಂದು ಭೋಪಾಲದ ಪ್ರಯೋಗಾಲಯ ಹೇಳಿತ್ತು. ಕೊಡಗಿನವರಾದ ನಮಗೆ ಅದು ದೂರದ ಸುದ್ದಿ ಅಲ್ಲ. ಕುಟ್ಟ ದಾಟಿ ತೋಲ್ಪೆಟ್ಟಿ, ಕಾಟಿಕುಳಂ ಮೇಲೆ ಹೋದರೆ ಮಾನಂದವಾಡಿ ಸಿಕ್ಕೇಬಿಡುತ್ತದೆ. ಆ ಭಾನುವಾರ ನಾನು ಮಾಮೂಲಾಗಿ ಹೋಗುವ ಹಂದಿ ಮಾಂಸದ ಅಂಗಡಿ ಮುಂದೆ ಸಾಲೇ ಇರಲಿಲ್ಲ. ಬಂದ ಒಬ್ಬಿಬ್ಬರೂ "ತಿಂದ್ರೆ ಏನೂ ಆಗಲ್ಲ ಅಲ್ವಾ?" ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ಕೋಳಿ ಅಂಗಡಿಗೆ ಹೋದರು.

ಏನೂ ಆಗುವುದಿಲ್ಲ. ಈ ವೈರಸ್ ಮನುಷ್ಯರಿಗೆ ಹತ್ತುವುದೇ ಇಲ್ಲ. ಆದರೆ ಹಂದಿಗೆ ಹತ್ತಿದರೆ ಉಳಿಯುವುದು ಕಷ್ಟ. ಮೈ ಸುಡುವ ಜ್ವರ, ಮೇವು ಬಿಡುತ್ತದೆ, ಕಿವಿ ಮತ್ತು ಹೊಟ್ಟೆಯ ಚರ್ಮ ಕೆಂಪಾಗಿ ಆಮೇಲೆ ನೀಲಿಗೆ ತಿರುಗುತ್ತದೆ. ಕೆಲವೇ ದಿನಗಳಲ್ಲಿ ಗೂಡು ಖಾಲಿ.

ಜನ ಹೆದರಿದ್ದರಲ್ಲಿ ತಪ್ಪಿಲ್ಲ, ಹೆಸರೇ ಹಾಗಿದೆ. 2009ರಲ್ಲಿ ಎಚ್1ಎನ್1 ಬಂದಾಗ ನಮ್ಮ ಪತ್ರಿಕೆಗಳೆಲ್ಲ ಅದನ್ನು 'ಹಂದಿ ಜ್ವರ' ಎಂದೇ ಬರೆದವು. ಅದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಫ್ಲೂ, ಮಾಂಸ ತಿಂದರೆ ಬರುವಂಥದ್ದಲ್ಲ. ಇದಲ್ಲದೆ ನಮ್ಮ ದೇಶದಲ್ಲಿ ದಶಕಗಳಿಂದ ಇರುವ, ಹಂದಿಗಳಿಗೆ ಬರುವ ಇನ್ನೊಂದು ಹಂದಿ ಜ್ವರವೂ (ಕ್ಲಾಸಿಕಲ್ ಸ್ವೈನ್ ಫೀವರ್) ಇದೆ. ಅದಕ್ಕೆ ಲಸಿಕೆ ಸಿಗುತ್ತದೆ. ಮೊದಲು ಆ ಲಸಿಕೆಯನ್ನು ಮೊಲಗಳಲ್ಲಿ ಬೆಳೆಸುತ್ತಿದ್ದರು. ಒಂದು ಮೊಲವನ್ನು ಕೊಂದರೆ ಸುಮಾರು 50 ಡೋಸ್. 2020ರಲ್ಲಿ ಭಾರತೀಯ ಪಶು ವೈದ್ಯಕೀಯ ಸಂಶೋಧನಾ ಸಂಸ್ಥೆ ಮೊಲದ ಹಂಗಿಲ್ಲದೆ ಜೀವಕೋಶಗಳಲ್ಲೇ ಬೆಳೆಸುವ ಲಸಿಕೆ ತಂದಿತು. ಹಳೆಯ ಜ್ವರ, ಆಫ್ರಿಕನ್ ಜ್ವರ ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಯಾವುದು ಎಂದು ಲ್ಯಾಬ್ ಮಾತ್ರ ಹೇಳಬಲ್ಲದು.

ಆಫ್ರಿಕನ್ ಜ್ವರದ ಬಗ್ಗೆ ಮೊದಲು ವಿವರವಾಗಿ ಬರೆದದ್ದು 1921ರಲ್ಲಿ, ಕೀನ್ಯಾದಿಂದ. ಅಲ್ಲಿನ ಕಾಡುಹಂದಿಗಳ ಮೈಯಲ್ಲಿ ಈ ವೈರಸ್ ಸುಮ್ನೆ ಇರುತ್ತಿತ್ತು, ಬಿಳಿಯರು ತಂದ ಸಾಕು ಹಂದಿಗಳು ಸತ್ತವು. 1957ರಲ್ಲಿ ಅದು ಪೋರ್ಚುಗಲ್‌ಗೆ ಹಾರಿತು. ಲಿಸ್ಬನ್ ವಿಮಾನ ನಿಲ್ದಾಣದ ಹತ್ತಿರ, ವಿಮಾನದಲ್ಲಿ ಉಳಿದ ಊಟವನ್ನು ಹಂದಿಗಳಿಗೆ ಹಾಕಿದ್ದರು. 2007ರಲ್ಲಿ ಜಾರ್ಜಿಯಾ ದೇಶಕ್ಕೆ ಬಂದದ್ದೂ ಹೀಗೆಯೇ, ಹಡಗಿನ ಎಂಜಲಿನಿಂದ ಎಂಬುದು ಪರಿಣತರ ಲೆಕ್ಕ. 2018ರಲ್ಲಿ ಚೀನಾ. 2020ರಲ್ಲಿ ಅಸ್ಸಾಂ, ಅರುಣಾಚಲ. ಎರಡು ವರ್ಷದಲ್ಲಿ ವಯನಾಡು. ವೈರಸ್ಸಿಗೆ ಕಾಲಿಲ್ಲ, ಅದನ್ನು ಹೊತ್ತು ತಿರುಗಿದ್ದು ಹೆಚ್ಚಾಗಿ ಮನುಷ್ಯರೇ. ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲಿ, ಫ್ರೀಜರ್‌ನಲ್ಲಿ ಅದು ತಿಂಗಳುಗಟ್ಟಲೆ ಬದುಕುತ್ತದೆ.

ಹಾಗಾಗಿ ಹಂದಿ ಏನು ತಿಂದಿತು ಅನ್ನುವುದೇ ದೊಡ್ಡ ಪ್ರಶ್ನೆ. ಕೊಡಗಿನಲ್ಲಿ ಈ ಪ್ರಶ್ನೆ ಹುಟ್ಟಿದ್ದು ಈಚೆಗೆ. ನಮ್ಮ ಅಜ್ಜಂದಿರ ಕಾಲದಲ್ಲಿ ಪಂದಿ ಕರಿಗೆ, ಅಂದರೆ ನಮ್ಮ ಹಂದಿ ಮಾಂಸದ ಸಾರಿಗೆ, ಕಾಡುಹಂದಿಯೂ ಬರುತ್ತಿತ್ತು. ಕೈಲ್ ಮುಹೂರ್ತದ ಹಬ್ಬಕ್ಕೆ ಕೋವಿ ಪೂಜೆ, ಆಮೇಲೆ ಬೇಟೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ದಾರಿ ಮುಚ್ಚಿತು, ಪೂಜೆ ಉಳಿಯಿತು. ಮಾಂಸ ಪೂರ್ತಿ ಗೂಡಿನಿಂದ ಬರುವಂತಾಯಿತು. ಮನೆ ಹಂದಿಗೆ ಮನೆಯ ಕಲಗಚ್ಚು, ತೌಡು, ಕೆಸುವಿನ ದಂಟು ಸಾಕಾಗುತ್ತಿತ್ತು. 50 ಹಂದಿಗೆ ಎಲ್ಲಿಂದ ತರುವುದು? ಅಷ್ಟರಲ್ಲಿ ಹೋಮ್‌ಸ್ಟೇ, ರೆಸಾರ್ಟ್ ಜಾಸ್ತಿಯಾದವು. ಡ್ರಮ್ಮುಗಟ್ಟಲೆ ಎಂಜಲು ಬಿಟ್ಟಿಯಾಗಿ ಸಿಗತೊಡಗಿತು. ಎಲ್ಲೆಲ್ಲಿಂದಲೋ ಬಂದ ಮಾಂಸದ ಚೂರುಗಳೂ ಆ ಡ್ರಮ್ಮಿನಲ್ಲಿರುತ್ತವೆ.

ಆದರೆ ನನಗೆ ಹೆಚ್ಚು ಸಂಕಟ ಕೊಡುವುದು ಇನ್ನೊಂದು ರೋಗ. ಅದು ಬಂದ ಹಂದಿ ದಷ್ಟಪುಷ್ಟವಾಗಿಯೇ ಇರುತ್ತದೆ. ದವಡೆ, ನಾಲಿಗೆ, ಹೃದಯದ ಮಾಂಸ ಸೀಳಿ ನೋಡಿದರೆ ನೆನೆಸಿದ ಸಬ್ಬಕ್ಕಿಯಂಥ ಗುಳ್ಳೆಗಳು. ಒಳಗೆ ತಿಳಿನೀರು, ನಡುವೆ ಒಂದು ಬಿಳಿ ಚುಕ್ಕೆ. ಆ ಚುಕ್ಕೆಯೇ ಲಾಡಿಹುಳದ ತಲೆ. ಇದನ್ನು ಸಾಬೀತು ಮಾಡಿದ ಕಥೆ ಭಯಂಕರ. ಜರ್ಮನಿಯ ಕ್ಯೂಖನ್‌ಮೈಸ್ಟರ್ ಎಂಬ ವೈದ್ಯ 1855ರಲ್ಲಿ ಮರಣದಂಡನೆಗೆ ಕಾಯುತ್ತಿದ್ದ ಕೈದಿಗೆ ಗೊತ್ತಾಗದಂತೆ ಊಟದಲ್ಲಿ ಈ ಗುಳ್ಳೆ ಬೆರೆಸಿದ. ಶಿಕ್ಷೆಯಾದ ಮೇಲೆ ಕರುಳು ಬಿಡಿಸಿ ನೋಡಿದಾಗ ಹುಳಗಳಿದ್ದವು. ಇಂಥ ಪ್ರಯೋಗವನ್ನು ನಾನು ಒಪ್ಪಲಾರೆ. ಆದರೆ ಗೊತ್ತಾದದ್ದು ಅದರಿಂದಲೇ.

ಇಲ್ಲಿ ಒಂದು ವಿಷಯ ಬಹಳ ಜನರಿಗೆ ತಿಳಿದಿಲ್ಲ. ಅರೆಬೆಂದ ಮಾಂಸ ತಿಂದರೆ ಹೊಟ್ಟೆಯಲ್ಲಿ ಲಾಡಿಹುಳ ಆಗುತ್ತದೆ. ಈ ರೋಗ ಮಿದುಳಿಗೂ ಹೋಗಬಹುದು, ಆದರೆ ಅದು ಮಾಂಸದ ಗುಳ್ಳೆಯಿಂದ ಅಲ್ಲ, ಹುಳದ ಮೊಟ್ಟೆ ನುಂಗಿದರೆ; ಮೊಟ್ಟೆಯಿಂದ ಹೊರಬಂದ ಮರಿ ಮಿದುಳು ಸೇರುತ್ತದೆ. ಆ ಮೊಟ್ಟೆ ಬರುವುದು ಹುಳ ಇರುವ ಮನುಷ್ಯನ ಮಲದಿಂದ. ತೊಳೆಯದ ಕೈ, ತೊಳೆಯದ ಸೊಪ್ಪು, ಕೊಳಕು ನೀರು ಸಾಕು. ಜೀವನದಲ್ಲಿ ಹಂದಿ ಮುಟ್ಟದವರಿಗೂ ಇದರಿಂದ ಫಿಟ್ಸ್ ಬರಬಹುದು. ಹಂದಿಗೆ ಗುಳ್ಳೆ ಬರುವುದೂ ಅದೇ ಮಲ ತಿಂದು. ತೋಟದ ಕೆಲಸಗಾರರಿಗೆ ಶೌಚಾಲಯವೇ ಇಲ್ಲದ ಲೈನ್‌ಮನೆ ಕಟ್ಟಿಸಿ, ಪಕ್ಕದಲ್ಲೇ ಹಂದಿ ಬಿಟ್ಟರೆ ತಪ್ಪು ಕೂಲಿ ಮಾಡುವವರದ್ದಲ್ಲ.

ಹಂದಿಯನ್ನು ಕಡಿಯುವ ಮುಂಚೆ ಒಮ್ಮೆ, ಕಡಿದ ಮೇಲೆ ಒಮ್ಮೆ ಪಶುವೈದ್ಯರು ನೋಡಬೇಕು ಎಂದು ಆಹಾರ ಸುರಕ್ಷತೆಯ ನಿಯಮ ಹೇಳುತ್ತದೆ. ನಾವು ಭಾನುವಾರ ಕೊಳ್ಳುವ ಎಷ್ಟು ಹಂದಿಗಳ ದವಡೆಯನ್ನು ಯಾರಾದರೂ ಸೀಳಿ ನೋಡಿರುತ್ತಾರೆ? ಸದ್ಯಕ್ಕೆ ನಮ್ಮನ್ನು ಕಾಯುತ್ತಿರುವುದು ಅಡುಗೆಯ ಪದ್ಧತಿ. ಪಂದಿ ಕರಿಯನ್ನು ಸಣ್ಣ ಉರಿಯಲ್ಲಿ ಚೆನ್ನಾಗಿ ಬೇಯಿಸುತ್ತೇವೆ, ಗುಳ್ಳೆ ಸಾಯುತ್ತದೆ. ಅದಕ್ಕೆ ಹಾಕುವ ಕಾಚಂಪುಳಿ ಎಂಬ ಗಟ್ಟಿ ಹುಳಿರಸವನ್ನು ನಂಬಿ ಕೂರುವಂತಿಲ್ಲ, ಕೊಲ್ಲುವುದು ಬಿಸಿ. ಮಳೆಯಲ್ಲಿ ಕ್ಯಾಂಪ್‌ಫೈರ್ ಹಾಕಿ ಮೇಲೆ ಕಪ್ಪು, ಒಳಗೆ ಕೆಂಪು ಇರುವಾಗಲೇ ಪ್ಲೇಟಿಗೆ ಬಡಿಸುವ ಹೊಸ ರೂಢಿ ನೋಡಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ.

ನಮ್ಮ ಪರಿಚಯದ ಒಬ್ಬರು ಮಾನಂದವಾಡಿಯ ಸುದ್ದಿ ಬಂದ ವಾರವೇ ಹೋಟೆಲ್ ಎಂಜಲು ನಿಲ್ಲಿಸಿದರು. ಎರಡು ತಿಂಗಳು ತೌಡಿನ ಖರ್ಚು ತಡೆಯಲಾಗದೆ ಮತ್ತೆ ತಂದರು, ಆದರೆ ಗೂಡಿನ ಹಿಂದೆ ಒಂದು ದೊಡ್ಡ ಹಂಡೆ ಹೂಡಿದರು. ಕುದಿ ಬಂದ ಮೇಲೆ ಪೂರ್ತಿ ಒಂದು ಗಂಟೆ, ಕೋಲಿನಿಂದ ತಿರುವುತ್ತಲೇ ಇರಬೇಕು. ಸೌದೆಗೆ ಕಿತ್ತ ಕಾಫಿ ಗಿಡದ ಬೊಡ್ಡೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬಕೆಟ್. ಮೊನ್ನೆ ಹೋದಾಗ ನನ್ನನ್ನೂ ಒಳಗೆ ಬಿಡಲಿಲ್ಲ. ಬೇಲಿ ಆಚೆಯೇ ನಿಂತು ಕಾಫಿ ಕುಡಿದು ಬಂದೆ.