ದಪ್ಪ ಮನುಷ್ಯನನ್ನು ತಳ್ಳದವರಿಗೆ ತಲೆ ಇಲ್ವಾ?

ಪ್ರಶ್ನೆ: ಒಬ್ಬನನ್ನು ಸಾಯಿಸಿ ಐವರನ್ನು ಉಳಿಸ್ತೀಯಾ ಅಂತ ಗೆಳೆಯ ಕೇಳಿದ. ಲಿವರ್ ಎಳೆದು ಟ್ರಾಮಿನ ಹಳಿ ಬದಲಿಸ್ತೀನಿ, ಆದರೆ ಸೇತುವೆಯಿಂದ ಯಾರನ್ನೂ ತಳ್ಳಲ್ಲ ಅಂದೆ. ‘ನಿನ್ನದು ಬರೀ ಭಾವನೆ, ತಳ್ಳೋರು ತಲೆ ಓಡಿಸ್ತಾರೆ’ ಅಂತ ನಕ್ಕ. ಹೌದಾ?

ಅಲ್ಲ. ಎಷ್ಟನೇ ಸಲ ‘ಅಲ್ಲ’ ಅನ್ನುತ್ತಿದ್ದೇನೋ, ಎಣಿಸುವುದನ್ನೇ ಬಿಟ್ಟಿದ್ದೇನೆ. ಮನಶ್ಶಾಸ್ತ್ರದ ಮೇಷ್ಟ್ರಾಗಿ ಪ್ರತಿ ವರ್ಷ ಬೋರ್ಡಿನ ಮೇಲೆ ಎರಡು ಹಳಿ ಎಳೆಯುತ್ತೇನೆ. ಹಿಂದಿನ ಬೆಂಚಿನಿಂದ ಪ್ರತಿ ವರ್ಷ ಇದೇ ಮಾತು ಬರುತ್ತದೆ.

ಕಥೆ ನಿಮಗೆ ಗೊತ್ತು. ಬ್ರೇಕ್ ಕೈಕೊಟ್ಟ ಟ್ರಾಮ್, ಮುಂದೆ ಐದು ಜನ, ಪಕ್ಕದ ಹಳಿಯಲ್ಲಿ ಒಬ್ಬ. ಹಳಿ ಬದಲಿಸಿದರೆ ಸಾಯುವುದು ಅವನೊಬ್ಬನೇ. 1967ರಲ್ಲಿ ಬ್ರಿಟನ್ನಿನ ತತ್ತ್ವಜ್ಞಾನಿ ಫಿಲಿಪಾ ಫುಟ್ ಇದನ್ನು ಗರ್ಭಪಾತದ ಚರ್ಚೆಯಲ್ಲಿ ಒಂದು ಉದಾಹರಣೆಯಾಗಿ ತಂದರು. ಸೇತುವೆ ಮತ್ತು ದಪ್ಪ ಮನುಷ್ಯ ಆಮೇಲೆ ಅಮೆರಿಕದ ತತ್ತ್ವಜ್ಞಾನಿ ಜುಡಿತ್ ಜಾರ್ವಿಸ್ ಥಾಮ್ಸನ್ ಸೇರಿಸಿದ್ದು. ಅವನನ್ನು ಸೇತುವೆಯಿಂದ ಹಳಿಗೆ ತಳ್ಳಿದರೆ ಅವನ ಮೈ ಅಡ್ಡವಾಗಿ ಟ್ರಾಮ್ ನಿಲ್ಲುತ್ತದೆ, ಐವರು ಉಳಿಯುತ್ತಾರೆ. ನಿಮ್ಮ ಹಾಗೆ ಎರಡಕ್ಕೆ ಎರಡು ಉತ್ತರ ಕೊಡುವವರು ಬೇಕಾದಷ್ಟಿದ್ದಾರೆ. 42 ದೇಶಗಳ 70,000 ಜನರ ಉತ್ತರ 2020ರಲ್ಲಿ ಪ್ರಕಟವಾಯಿತು. ಹಳಿ ಬದಲಿಸುವುದು ಸರಿ ಅಂದವರು ಶೇ 81. ತಳ್ಳುವುದು ಸರಿ ಅಂದವರು ಶೇ 51.

ಈಗ ನಿಮ್ಮ ಗೆಳೆಯನ ವಿಷಯ. ಅವನ ಮಾತು ಗಾಳಿಯಿಂದ ಬಂದದ್ದಲ್ಲ. 2001ರಲ್ಲಿ ಜೋಶುವಾ ಗ್ರೀನ್ ಮತ್ತು ಸಂಗಡಿಗರು ಜನರನ್ನು ಮಿದುಳಿನ ಸ್ಕ್ಯಾನರ್ ಒಳಗೆ ಮಲಗಿಸಿ ಇಂಥ ಪ್ರಶ್ನೆ ಕೇಳಿದರು. ತಳ್ಳುವಂಥ ಪ್ರಶ್ನೆ ಬಂದಾಗ ಮಿದುಳಿನಲ್ಲಿ ಭಾವನೆಗೆ ಸಂಬಂಧಪಟ್ಟ ಭಾಗಗಳು ಜಾಸ್ತಿ ಕೆಲಸ ಮಾಡಿದವು. ಅಷ್ಟೇ ಸಾಕಾಯಿತು ನೋಡಿ. ತಳ್ಳದವನು ಅಳುಬುರುಕ, ತಳ್ಳುವವನು ಲೆಕ್ಕಪಕ್ಕಾ ಜಾಣ ಅಂತ ಊರೆಲ್ಲ ಡಂಗುರ.

ಆ ಜಾಣ ನಿಜಕ್ಕೂ ಎಲ್ಲರ ಒಳಿತಿನ ಲೆಕ್ಕ ಹಾಕುವವನಾದರೆ ಬೇರೆ ಕಡೆಯೂ ಅದು ಕಾಣಬೇಕು, ಅಲ್ವಾ? ಗೈ ಕಹಾನೆ ತಂಡ 2015ರಲ್ಲಿ ಹುಡುಕಿತು. ದೂರದ ಬಡವರಿಗೆ ದುಡ್ಡು ಕೊಡುವುದರಲ್ಲಿ ತಳ್ಳುವವರು ಮುಂದಿರಲಿಲ್ಲ. ‘ನನ್ನ ಲಾಭ ನನಗೆ’ ಅನ್ನುವ ಧೋರಣೆಯೇ ಅವರಲ್ಲಿ ತುಸು ಜಾಸ್ತಿ ಕಂಡಿತು. ಅದಕ್ಕೂ ಮೊದಲು, 2011ರಲ್ಲಿ, ಇನ್ನೊಂದು ಅಧ್ಯಯನ ಬಂದಿತ್ತು. ಇತರರ ನೋವು ತಟ್ಟದಂಥ ಸ್ವಭಾವ ಹೆಚ್ಚಿದ್ದವರೇ ಹೆಚ್ಚು ತಳ್ಳುತ್ತಿದ್ದರು.

ಇನ್ನು ನನಗೆ ಇಷ್ಟವಾದ ಸಾಕ್ಷಿ. ಹಣೆಯ ಹಿಂದೆ, ಮಿದುಳಿನ ಮುಂಭಾಗದ ಕೆಳಗೆ ಪೆಟ್ಟಾದ ಆರು ರೋಗಿಗಳಿಗೆ ಇಂಥ ಪ್ರಶ್ನೆ ಕೇಳಿದ ವರದಿ 2007ರಲ್ಲಿ ಬಂತು. ಅವರು ಉಳಿದವರಿಗಿಂತ ಸಲೀಸಾಗಿ ತಳ್ಳಿದರು. ‘ನೋಡಿದ್ರಾ, ಭಾವನೆ ಹೋಯಿತು, ಬುದ್ಧಿ ಉಳಿಯಿತು’ ಅಂದರು ಜನ. ಅದೇ ವರ್ಷ ಅಂಥದೇ ಪೆಟ್ಟಾದವರಿಗೆ ಒಂದು ಆಟ ಆಡಿಸಿದರು. ಎದುರಿನವನು ಆಟಕ್ಕೆಂದು ಸಿಕ್ಕ ದುಡ್ಡಿನಲ್ಲಿ ನಿಮಗೆ ಪುಡಿಗಾಸು ಕೊಡುತ್ತಾನೆ. ಬೇಡ ಅಂದರೆ ಇಬ್ಬರಿಗೂ ಸೊನ್ನೆ. ಬರೀ ಲೆಕ್ಕದವನಾದರೆ ಪುಡಿಗಾಸನ್ನೂ ಜೇಬಿಗೆ ಹಾಕಿಕೊಳ್ಳಬೇಕು. ಈ ರೋಗಿಗಳು ಬೇರೆಯವರಿಗಿಂತ ಹೆಚ್ಚು ಸಲ ‘ಬೇಡ ಹೋಗೋ’ ಅಂದರು! ಎಲ್ಲಿ ಹೋಯಿತು ತಣ್ಣನೆಯ ಬುದ್ಧಿ?

ಸಾರು ಸಪ್ಪೆಯಾಗಿದೆ ಅಂದುಕೊಳ್ಳಿ. ಉಪ್ಪು ಕಡಿಮೆಯಾಯಿತೋ ನೀರು ಜಾಸ್ತಿಯಾಯಿತೋ, ನಾಲಿಗೆಗೆ ತಿಳಿಯಲ್ಲ. ‘ತಳ್ತೀನಿ’ ಅನ್ನುವುದೂ ಹಾಗೇ. ಐದು ಜೀವದ ಮೇಲಿನ ಕಾಳಜಿ ಜಾಸ್ತಿಯಿದ್ದರೂ ಆ ಉತ್ತರ ಬರುತ್ತದೆ. ಒಬ್ಬನನ್ನು ಸಾಯಿಸುವ ಅಳುಕು ಕಡಿಮೆಯಿದ್ದರೂ ಅದೇ ಬರುತ್ತದೆ. ಅದಕ್ಕೇ 2013ರಿಂದ ಇವೆರಡನ್ನು ಬೇರೆಬೇರೆಯಾಗಿ ಅಳೆಯುವ ವಿಧಾನ ಬಳಕೆಯಲ್ಲಿದೆ. ಇಷ್ಟು ಹೇಳಿದ ಮೇಲೂ ‘ಹಾಗಾದ್ರೆ ತಳ್ಳೋರೆಲ್ಲ ಕ್ರೂರಿಗಳಾ ಸಾರ್?’ ಅಂತ ಒಬ್ಬ ಕೇಳೇ ಕೇಳುತ್ತಾನೆ. ಇಲ್ಲಪ್ಪ, ಸಾರಿನ ಮಾತು ಮತ್ತೆ ಓದು.

ಬಾಯಲ್ಲಿ ಹೇಳಿದ್ದನ್ನು ಮಾಡುತ್ತಾರೆ ಅನ್ನುವುದಕ್ಕೂ ಗ್ಯಾರಂಟಿ ಇಲ್ಲ. ಬೆಲ್ಜಿಯಂನಲ್ಲಿ ಜನರ ಮುಂದೆ ಎರಡು ಬೋನು ಇಟ್ಟರು, ಒಂದರಲ್ಲಿ ಐದು ಇಲಿ, ಇನ್ನೊಂದರಲ್ಲಿ ಒಂದು. ಸುಮ್ಮನಿದ್ದರೆ ಇಪ್ಪತ್ತು ಸೆಕೆಂಡಿನಲ್ಲಿ ಐದಕ್ಕೆ ಶಾಕ್, ಬಟನ್ ಒತ್ತಿದರೆ ಒಂದಕ್ಕೆ. ಬರೀ ಊಹಿಸಿಕೊಳ್ಳಿ ಅಂದಾಗ ಒತ್ತುತ್ತೇನೆ ಅಂದವರು ಶೇ 66. ಇಲಿ ಎದುರಿಗಿದ್ದಾಗ ಒತ್ತಿದವರು ಶೇ 84. (ಗಾಬರಿ ಬೇಡ, ಯಾವ ಇಲಿಗೂ ಶಾಕ್ ಕೊಡಲಿಲ್ಲ.) ಸೇತುವೆ, ಟ್ರಾಮ್ ಪ್ರಶ್ನೆಗಳಿಗೆ ಯಾರು ಏನು ಉತ್ತರ ಕೊಟ್ಟಿದ್ದರು ಅನ್ನುವುದರಿಂದ ಯಾರು ಒತ್ತುತ್ತಾರೆ ಅಂತ ಊಹಿಸಲೂ ಆಗಲಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಗೆಳೆಯ ಯಾವ ಭಾಷೆಯಲ್ಲಿ ಕೇಳಿದ? ಆಲ್ಬರ್ಟ್ ಕೋಸ್ಟಾ ಮತ್ತು ಸಂಗಡಿಗರು 2014ರಲ್ಲಿ ಸೇತುವೆಯ ಪ್ರಶ್ನೆಯನ್ನು ಕೆಲವರಿಗೆ ತಾಯ್ನುಡಿಯಲ್ಲಿ, ಕೆಲವರಿಗೆ ಕಲಿತ ಭಾಷೆಯಲ್ಲಿ ಕೊಟ್ಟರು. ತಾಯ್ನುಡಿಯಲ್ಲಿ ತಳ್ಳುತ್ತೇವೆ ಅಂದವರು ಶೇ 20, ಕಲಿತ ಭಾಷೆಯಲ್ಲಿ ಶೇ 33. ನಮ್ಮ ಹುಡುಗರಿಗೆ ಈ ಕಥೆ ಸಿಗುವುದೇ ಇಂಗ್ಲಿಷ್‌ನಲ್ಲಿ ತಾನೇ?

ಹೋದ ವರ್ಷ ಮೊದಲು ಇಂಗ್ಲಿಷ್ ಸ್ಲೈಡ್ ತೋರಿಸಿದೆ. ತಳ್ಳೋರು ಕೈ ಎತ್ತಿ ಅಂದಾಗ ಸುಮಾರು ಕೈ ಮೇಲೆ ಹೋದವು. ಸ್ಲೈಡ್ ಆರಿಸಿ ಕನ್ನಡದಲ್ಲಿ ಕೇಳಿದೆ: ‘ಆ ಮನುಷ್ಯ ಕಂಬಿ ಹಿಡಿದು ಕೆಳಗೆ ನೋಡ್ತಾ ನಿಂತಿದಾನೆ. ಹಿಂದಿನಿಂದ ಹೋಗಿ ಬೆನ್ನಿಗೆ ಕೈ ಹಾಕಿ ತಳ್ತೀರಾ?’ ಇದನ್ನು ಪ್ರಯೋಗ ಅನ್ನಲಾರೆ, ವಾಕ್ಯವನ್ನೇ ಬದಲಿಸಿದ್ದೆ. ಎರಡನೇ ಬೆಂಚಿನ ಹುಡುಗಿ ಎತ್ತಿದ ಕೈಯನ್ನು ಇಳಿಸಲೂ ಇಲ್ಲ, ಎತ್ತಿ ಹಿಡಿಯಲೂ ಇಲ್ಲ. ಜಡೆ ಸರಿ ಮಾಡಿಕೊಳ್ಳತೊಡಗಿದಳು.