ನೂರು ದಿನದ ಕಾರ್ಡು

"ಸಾರ್, ತಿಂಗಳಿಗೆ ಐನೂರು ಹಾಕ್ಬೇಕು ಅಂತಿದೀನಿ. ಯಾವ ಎಸ್‌ಐಪಿ ಒಳ್ಳೇದು?"

ಹಾಸನದ ಕಟ್ಟಿನಕೆರೆ ಮಾರ್ಕೆಟ್ ಕಡೆಯಿಂದ ಬರುವವರು ಈಗ ಹೀಗೆ, ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಟ್ಟುವ ಕಂತಿನ ಬಗ್ಗೆ ಕೇಳುತ್ತಾರೆ. ಕೇಳುವುದು ಖುಷಿಯೇ. ಆದರೆ ನಾನು ಲೆಕ್ಕಪತ್ರ ಬರೆಯುವವನು, ಇಂಥದ್ದೇ ಫಂಡ್ ತಗೊಳ್ಳಿ ಎಂದು ಸಲಹೆ ಕೊಡಲು ಷೇರುಪೇಟೆ ನೋಡಿಕೊಳ್ಳುವ ಸೆಬಿಯ ನೋಂದಣಿ ಬೇಕು, ನನಗಿಲ್ಲ. ಹಾಗಾಗಿ ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: "ಕಾರ್ಡು ಎಷ್ಟಿದೆ?"

ಹೂವು ಮಾರುವ ಒಬ್ಬ ಅಮ್ಮ ಸೆರಗಿನ ಗಂಟು ಬಿಚ್ಚಿ ದಿನಗಂತಿನ ಸಾಲದ ಹಳದಿ ಕಾರ್ಡು ತೋರಿಸಿದರು. ದಿನಕ್ಕೊಂದರಂತೆ ನೂರು ಮನೆ, ಮುಕ್ಕಾಲು ಪಾಲಿನಲ್ಲಿ ಕಲೆಕ್ಷನ್ ಹುಡುಗನ ಸಹಿ, ಮೂಲೆಯೆಲ್ಲ ನೀರು ಬಿದ್ದು ಉಬ್ಬಿತ್ತು. ಹತ್ತು ಸಾವಿರದ ಸಾಲ. ಸಾವಿರ ಮೊದಲೇ ಹಿಡಿದುಕೊಂಡು ಕೈಗೆ 9,000 ಕೊಡುತ್ತಾರೆ. ದಿನಕ್ಕೆ 100ರಂತೆ ನೂರು ದಿನ ಕಟ್ಟಬೇಕು.

"ಹತ್ತು ಸಾವಿರಕ್ಕೆ ಒಂದು ಸಾವಿರ. ನೂರಕ್ಕೆ ಹತ್ತು ತಾನೇ ಸಾರ್? ಬ್ಯಾಂಕಿನಲ್ಲೂ ಅಷ್ಟೇ ಅಲ್ವಾ?"

ಅಲ್ಲ ಅಮ್ಮಾ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೊಮ್ಮೆ ಹೇಳುತ್ತೇನೆ. ಬ್ಯಾಂಕಿನ ಹತ್ತು ಒಂದು ವರ್ಷಕ್ಕೆ. ಇದು ಮೂರು ತಿಂಗಳು ಹತ್ತು ದಿನಕ್ಕೆ. ಅದಕ್ಕಿಂತ ದೊಡ್ಡ ವಿಷಯ, ಆ 9,000 ನೂರು ದಿನವೂ ನಿಮ್ಮ ಹತ್ತಿರ ಇರುವುದಿಲ್ಲ. ಮಾರನೇ ದಿನದಿಂದಲೇ ವಾಪಸ್ ಹೋಗಲು ಶುರು. ಐವತ್ತನೇ ದಿನಕ್ಕೆ 5,000 ಕಟ್ಟಿಯಾಗಿರುತ್ತದೆ. ಮೊದಲ ದಿನ ತುಂಬಾ, ಕೊನೆಯ ದಿನ ಸೊನ್ನೆ, ಸರಾಸರಿ ತೆಗೆದರೆ ನಿಮ್ಮ ಕೈಯಲ್ಲಿದ್ದದ್ದು ಸುಮಾರು 4,500 ಮಾತ್ರ. ಸಾವಿರ ರೂಪಾಯಿ ಬಡ್ಡಿ ಕೊಟ್ಟಿದ್ದು ಆ 4,500ಕ್ಕೆ. ವರ್ಷಕ್ಕೆ ಎಳೆದರೆ ನೂರಕ್ಕೆ 80ರ ಹತ್ತಿರ. ಇದು ಬೆರಳಿನ ಲೆಕ್ಕ. ಕಂಪ್ಯೂಟರಿಗೆ ಹಾಕಿದರೆ 78ರ ಆಸುಪಾಸು ಬರುತ್ತದೆ.

ಕಂತಿನ ಸಾಲದಲ್ಲೂ ಇದೇ ಕಥೆ. "ಫ್ಲಾಟ್ 12 ಪರ್ಸೆಂಟ್" ಎಂದು, ಅಂದರೆ ಅಸಲು ಕರಗುತ್ತಿದ್ದರೂ ಮೊದಲಿನ ಪೂರ್ತಿ ಮೊತ್ತಕ್ಕೇ ಬಡ್ಡಿ ಹಾಕಿ, ಒಂದು ವರ್ಷದ ತಿಂಗಳ ಕಂತಿಗೆ ಕೊಟ್ಟರೆ ನಿಜವಾದ ಬಡ್ಡಿ ಶೇ. 21 ದಾಟುತ್ತದೆ. 2024ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಬ್ಯಾಂಕು, ಫೈನಾನ್ಸ್ ಕಂಪನಿಗಳು ಇಂಥ ಸಾಲಕ್ಕೆ ವಾರ್ಷಿಕ ದರ ಬರೆದ ಹಾಳೆ ಕೊಡಲೇಬೇಕು. ದಯವಿಟ್ಟು ಕೇಳಿ ತಗೊಳ್ಳಿ. ಕಾರ್ಡಿನವರ ಹತ್ತಿರ ಅಂಥ ಹಾಳೆ ಇಲ್ಲ.

ನನಗೆ ಸಂಕಟವಾಗುವುದು ಇಲ್ಲಿ. ಇದೇ ಜಿಲ್ಲೆಯಲ್ಲಿ ಪಹಣಿ ಇರುವ ರೈತರಿಗೆ ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಬೆಳೆ ಸಾಲ, ಸರಿಯಾಗಿ ಕಟ್ಟಿದರೆ ಸೊನ್ನೆ ಬಡ್ಡಿ. ಅದು ಬೇಕಾದದ್ದೇ. ಪಹಣಿ ಇಲ್ಲದ ಹೂವಿನಮ್ಮನಿಗೆ 78. ದುಡ್ಡಿಲ್ಲದವರಿಗೇ ದುಡ್ಡು ದುಬಾರಿ. ಬೀದಿ ವ್ಯಾಪಾರಿಗಳಿಗೆಂದು 2020ರಲ್ಲಿ ಶುರುವಾದ ಪಿಎಂ ಸ್ವನಿಧಿಯಲ್ಲಿ ಜಾಮೀನು ಬೇಡ, ಸಮಯಕ್ಕೆ ಕಟ್ಟಿದರೆ ವರ್ಷದ ಬಡ್ಡಿಯಲ್ಲಿ ಸಾಲದ ನೂರಕ್ಕೆ 7ರಷ್ಟು ವಾಪಸ್ ಬರುತ್ತದೆ. ಆದರೂ ಬ್ಯಾಂಕಿಗೆ ಅಲೆಯಲು ಒಂದು ದಿನದ ವ್ಯಾಪಾರ ಬಿಡಬೇಕು. ಕಾರ್ಡಿನವನು ಬುಟ್ಟಿಯ ಹತ್ತಿರವೇ ಬರುತ್ತಾನೆ. ಅವರು ಯಾಕೆ ಅವನ ಹತ್ತಿರ ಹೋಗುತ್ತಾರೆ ಎಂದು ನಾನು ಬೈಯಲಾರೆ.

ನಾನು ಹೇಳಿದ್ದು ಇಷ್ಟು. ಈ ಕಾರ್ಡು ಮುಗಿದ ಮೇಲೂ ದಿನಾ ನೂರು ಎತ್ತಿಡಿ, ಡಬ್ಬಕ್ಕೆ. ತೊಂಬತ್ತು ದಿನಕ್ಕೆ 9,000, ನಿಮ್ಮದೇ ಬಂಡವಾಳ. ಒಂದರ ಹಿಂದೆ ಒಂದು ಕಾರ್ಡು ತೆಗೆಯುವವರು ಅದನ್ನು ಬಿಟ್ಟರೆ ವರ್ಷಕ್ಕೆ ಸುಮಾರು 3,650 ಬಡ್ಡಿ ಉಳಿಯುತ್ತದೆ. 9,000 ಹಾಕಿದರೆ ವರ್ಷಾ ವರ್ಷಾ ಅಷ್ಟು ಕೊಡುವ ಷೇರು ನಾನಂತೂ ನೋಡಿಲ್ಲ. ಎಸ್‌ಐಪಿ ಆಮೇಲೆ. ಮನೆಯಲ್ಲಿ ಕಾಯಿಲೆ ಕಸಾಲೆ ಇದ್ದರೆ ಈ ಲೆಕ್ಕ ನಡೆಯದು, ಅದನ್ನೂ ಹೇಳಿದೆ.

ಹಾಸನಾಂಬೆ ಬಾಗಿಲು ತೆರೆಯುವ ದಿನಗಳಲ್ಲಿ ಹೂವಿಗೆ ದುಪ್ಪಟ್ಟು ದುಡ್ಡು ಬೇಕು. ಹಿಂದಿನ ವರ್ಷ ಆ ಹೂವಿನಮ್ಮನ ಹತ್ತಿರ ಮೂರು ಕಾರ್ಡು ಇದ್ದವು. ಈ ಸಲ ಬಂದಾಗ ಒಂದೇ. ಅದರ ಜೊತೆ ಮುಗಿದುಹೋದ ಹಳೇ ಕಾರ್ಡೊಂದನ್ನು ತಿರುಗಿಸಿ ಮೇಜಿನ ಮೇಲಿಟ್ಟರು. ಹಿಂಬದಿಯಲ್ಲಿ ಸ್ಕೇಲಿಟ್ಟು ಗೆರೆ ಎಳೆದ ನೂರು ಮನೆ. ಅರವತ್ತೊಂದನೆಯದರವರೆಗೆ ಮಗಳ ಸಹಿ. ನಡುವೆ ನಾಲ್ಕು ಮನೆ ಖಾಲಿ.

"ಅವತ್ತು ಮಳೆ ಸಾರ್," ಅಂದರು.